ಬಜೆಟ್‌ನಲ್ಲಿ ಉಳಿತಾಯ, ಕೌಂಟರ್‌ನಲ್ಲಿ ‘ಫಂಡ್ ಇಲ್ಲ’: ಇದು ಹೇಗೆ?

ಪ್ರಶ್ನೆ: ನಮ್ಮದು ಸಣ್ಣ ಊರು, ಪುರಸಭೆ ಇದೆ. ಬಜೆಟ್ ಮಂಡಿಸಿದ ಮರುದಿನ ‘ಲಕ್ಷಾಂತರ ರೂಪಾಯಿ ಉಳಿತಾಯ ಬಜೆಟ್’ ಅಂತ ಪೇಪರ್‌ನಲ್ಲಿ ಬಂದಿತ್ತು. ನಮ್ಮ ಅಣ್ಣನಿಗೆ ಪೋಲಿಯೊದಿಂದ ಎರಡೂ ಕಾಲಿಗೆ ಶಕ್ತಿ ಇಲ್ಲ. ಪುರಸಭೆಯ ವಿಕಲಚೇತನರ ಶೇ 5ರ ನಿಧಿಯಲ್ಲಿ ಸ್ಕೂಟರ್ ಕೊಡ್ತಾರೆ ಅಂತ ಕೇಳಿ ಹೋದರೆ ‘ಈ ಸಲ ಫಂಡ್ ಇಲ್ಲ’ ಅಂದರು. ಉಳಿತಾಯ ಇದ್ದ ಮೇಲೆ ಫಂಡ್ ಇಲ್ಲ ಅನ್ನೋದು ಹೇಗೆ?

ಉತ್ತರ: ಪೇಪರ್‌ನವರು ಬರೆದದ್ದೂ ಸರಿ, ಕೌಂಟರ್‌ನಲ್ಲಿ ಕೂತವರು ಹೇಳಿದ್ದೂ ಸರಿ ಇರಬಹುದು. ದಾರಿ ತಪ್ಪಿಸುವುದು ‘ಉಳಿತಾಯ’ ಅನ್ನುವ ಪದ.

ಮನೆಯಲ್ಲಿ ಉಳಿತಾಯ ಅಂದರೆ ನಮಗೆ ಗೊತ್ತು. ತಿಂಗಳ ಸಂಬಳದಲ್ಲಿ ಖರ್ಚು ಕಳೆದು ಮಿಕ್ಕಿದ್ದು, ಸಾಸಿವೆ ಡಬ್ಬಿಗೆ ಹೋಗುವ ದುಡ್ಡು. ಪುರಸಭೆಯ ಬಜೆಟ್‌ನಲ್ಲಿ ಹಾಗಲ್ಲ. ಅಲ್ಲಿ ಹಳೆಯ ವರ್ಷದಿಂದ ಬ್ಯಾಂಕಿನಲ್ಲಿ ಉಳಿದ ಹಣವನ್ನೂ ಈ ವರ್ಷದ ಜಮೆಯ ಜೊತೆ ಸೇರಿಸುತ್ತಾರೆ. ಆ ಹಳೆಯ ಹಣಕ್ಕೆ ‘ಆರಂಭಿಕ ಶಿಲ್ಕು’ ಅಂತ ಹೆಸರು. ಒಟ್ಟು ಮೊತ್ತದಲ್ಲಿ ಖರ್ಚು ಕಳೆದರೆ ಬರುವುದು ‘ಅಂತಿಮ ಶಿಲ್ಕು’. ಈ ಅಂತಿಮ ಶಿಲ್ಕೇ ಸುದ್ದಿಯಲ್ಲಿ ಉಳಿತಾಯ ಆಗಿಬಿಡುತ್ತದೆ.

ಸುಮ್ನೆ ಲೆಕ್ಕಕ್ಕೆ ಅಂತ ಒಂದು ಊರು ಇಟ್ಟುಕೊಳ್ಳೋಣ. ಆರಂಭಿಕ ಶಿಲ್ಕು 4 ಕೋಟಿ. ಈ ವರ್ಷ ಬರಬಹುದಾದದ್ದು 20 ಕೋಟಿ. ಖರ್ಚು 23 ಕೋಟಿ 80 ಲಕ್ಷ. ಮರುದಿನದ ತಲೆಬರಹ: ‘20 ಲಕ್ಷ ಉಳಿತಾಯ ಬಜೆಟ್’. ಆದರೆ ಆ ವರ್ಷ ಬರುವುದಕ್ಕಿಂತ ಹೋಗುವುದು 3 ಕೋಟಿ 80 ಲಕ್ಷ ಜಾಸ್ತಿ. ಮನೆಯಲ್ಲಿ ಯಾರಾದರೂ ಹೀಗೆ ನಡೆಸಿದರೆ ನಾವು ಅದನ್ನು ಉಳಿತಾಯ ಅನ್ನುತ್ತೇವಾ?

ಆ 4 ಕೋಟಿಯಾದರೂ ಪುರಸಭೆ ಮನಸ್ಸಿಗೆ ಬಂದಂತೆ ತೆಗೆದು ಖರ್ಚು ಮಾಡುವ ಹಣವಾ ಅಂದರೆ, ಬಹುಪಾಲು ಅಲ್ಲ. ಅದರಲ್ಲಿ ಗುತ್ತಿಗೆದಾರರು ಇಟ್ಟ ಠೇವಣಿ ಇರುತ್ತದೆ. ಕೆಲಸ ಮುಗಿದ ಮೇಲೆ ಅದನ್ನು ವಾಪಸ್ ಕೊಡಬೇಕು. ಬೇರೆ ಯೋಜನೆಗೆ ಬಂದು ಇನ್ನೂ ಖರ್ಚಾಗದ ಅನುದಾನ ಇರುತ್ತದೆ. ಪಕ್ಕದ ಮನೆಯವರು ಊರಿಗೆ ಹೋಗುವಾಗ ‘ಇದು ಜೋಪಾನ’ ಅಂತ ನಮ್ಮ ಬೀರುವಿನಲ್ಲಿ ಇಟ್ಟುಹೋದ ಹಣದ ಹಾಗೆ. ಬೀರು ತುಂಬಿ ಕಾಣುತ್ತದೆ, ತರಕಾರಿಗೆ ಮಾತ್ರ ಕಾಸಿಲ್ಲ.

ಬಜೆಟ್ ಪುಸ್ತಕದಲ್ಲಿ ಮೂರು ಭಾಗ ಕಾಣುತ್ತವೆ: ರಾಜಸ್ವ ಖಾತೆ (ದಿನನಿತ್ಯದ ಆದಾಯ, ಖರ್ಚು), ಬಂಡವಾಳ ಖಾತೆ (ರಸ್ತೆ, ಕಟ್ಟಡದಂಥ ಆಸ್ತಿ), ಅಸಾಧಾರಣ ಖಾತೆ. ಕೊನೆಯದರ ಹೆಸರು ಕೇಳಿದರೆ ಏನೋ ದೊಡ್ಡದು ಅನಿಸುತ್ತದೆ. ಪುರಸಭೆ ಬೇರೆಯವರ ಪರವಾಗಿ ವಸೂಲಿ ಮಾಡಿ ದಾಟಿಸಬೇಕಾದ ಹಣ, ವಾಪಸ್ ಕೊಡಬೇಕಾದ ಠೇವಣಿ ಇಂಥವೆಲ್ಲ ಬರುವುದು ಅಲ್ಲಿ.

ನಿಮ್ಮ ಮನೆಯ ತೆರಿಗೆ ರಸೀದಿಯನ್ನೇ ತೆಗೆದು ನೋಡಿ. ಆಸ್ತಿ ತೆರಿಗೆ 100 ರೂಪಾಯಿ ಇದ್ದರೆ ಅದರ ಮೇಲೆ ಮೂರು ಕರ (ಸೆಸ್) ಸೇರಿ 24 ರೂಪಾಯಿ ಕೂಡುತ್ತದೆ. ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು. ಅದು ಗ್ರಂಥಾಲಯ ಪ್ರಾಧಿಕಾರಕ್ಕೆ ಸೇರಬೇಕು. ಭಿಕ್ಷುಕರ ಕರ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯದು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವಂಥ ನಿರಾಶ್ರಿತರ ಪರಿಹಾರ ಕೇಂದ್ರಗಳು ನಡೆಯುವುದು ಈ ದುಡ್ಡಿನಲ್ಲಿ. ಅಂದರೆ ನಾವೆಲ್ಲ ಪ್ರತಿ ವರ್ಷ ಗೊತ್ತಿಲ್ಲದೆ ಒಂದಿಷ್ಟು ಸಮಾಜಸೇವೆ ಮಾಡುತ್ತಲೇ ಇದ್ದೇವೆ! ಆದರೆ ಈ 24 ರೂಪಾಯಿಯ ಬಹುಪಾಲು ಪುರಸಭೆಯದಲ್ಲ. ಪುರಸಭೆ ನಡುವಿನ ಕೈ ಅಷ್ಟೆ. ನಡುವಿನ ಕೈಯಲ್ಲಿ ಹಣ ನಿಂತುಬಿಡುವುದೂ ಉಂಟು. ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಕರ ಕಟ್ಟದೆ ಬಾಕಿ ಉಳಿಸಿಕೊಂಡಿವೆ ಅನ್ನುವ ಸುದ್ದಿ ನೀವೂ ಓದಿರುತ್ತೀರಿ. ತೆರಿಗೆ ಕಟ್ಟುವವರಿಂದ ವಸೂಲಾದ ಹಣ ಪುಸ್ತಕ ಆಗದೆ ಎಲ್ಲೋ ಒಂದು ಖಾತೆಯಲ್ಲಿ ಕೂತಿರುತ್ತದೆ.

ಸರ್ಕಾರದಿಂದ ಬರುವ ಅನುದಾನವೂ ಹೀಗೆಯೇ ಮೂಗುದಾರ ಹಾಕಿಕೊಂಡೇ ಬರುತ್ತದೆ. ರಾಜ್ಯ ಹಣಕಾಸು ಆಯೋಗದ ಅನುದಾನವನ್ನು ಕಚೇರಿಗಳಲ್ಲಿ ‘ಎಸ್‌ಎಫ್‌ಸಿ’ ಅನ್ನುತ್ತಾರೆ. ಅದರಲ್ಲಿ ವೇತನದ್ದು ಸಿಬ್ಬಂದಿಗೆ, ವಿದ್ಯುತ್ತಿನದು ಬೀದಿದೀಪ ಮತ್ತು ನೀರಿನ ಪಂಪಿನ ಬಿಲ್ಲಿಗೆ. ‘ಮುಕ್ತ ನಿಧಿ’ ಅಂತ ಒಂದು ಭಾಗಕ್ಕೆ ಮಾತ್ರ ಸ್ವಲ್ಪ ಸ್ವಾತಂತ್ರ್ಯ. ಕೇಂದ್ರದ 15ನೇ ಹಣಕಾಸು ಆಯೋಗ 2021ರಿಂದ 2026ರವರೆಗಿನ ಅವಧಿಗೆ ಸಣ್ಣ ಊರುಗಳಿಗೆ ಶಿಫಾರಸು ಮಾಡಿದ ಹಣದಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಅಂಥ ಹಣದಲ್ಲಿ ಸ್ಕೂಟರ್ ಕೊಡಿ ಅಂದರೆ ಅಧಿಕಾರಿಗೆ ಮನಸ್ಸಿದ್ದರೂ ಕೊಡಲಾಗದು.

ಹಾಗಾದರೆ ನಿಮ್ಮ ಅಣ್ಣನ ಶೇ 5 ಎಲ್ಲಿಂದ ಬರುತ್ತದೆ? ಪುರಸಭೆಯ ಸ್ವಂತ ನಿಧಿ ಮತ್ತು ಎಸ್‌ಎಫ್‌ಸಿ ಮುಕ್ತ ನಿಧಿ, ಈ ಎರಡರಿಂದ. ಇದೇ ಎರಡರಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಇತರೆ ಬಡವರಿಗೂ ಪಾಲು ಇದೆ. ಶೇ 24.10 (ಪರಿಶಿಷ್ಟ ಜಾತಿ, ಪಂಗಡ), ಶೇ 7.25 (ಇತರೆ ಬಡವರು), ಶೇ 5 (ವಿಕಲಚೇತನರು) ಎನ್ನುವ ಅಂಕಿಗಳನ್ನು ನೋಟಿಸ್ ಬೋರ್ಡಿನಲ್ಲಿ ವರ್ಷಗಳಿಂದ ನೋಡಿದ್ದೇವಲ್ಲ, ಅವೇ. ವಿಕಲಚೇತನರ ಪಾಲು ಮೊದಲು ಶೇ 3 ಇತ್ತು, ಆಮೇಲೆ ಶೇ 5 ಆಯಿತು. ಬಜೆಟ್‌ನ ಒಟ್ಟು ಗಾತ್ರದ ಶೇ 5 ಅಂತ ಬಹಳ ಜನ ತಿಳಿದಿರುತ್ತಾರೆ. ಅಲ್ಲ. 24 ಕೋಟಿಯ ಬಜೆಟ್ ಅಂದರೆ ವಿಕಲಚೇತನರಿಗೆ 1 ಕೋಟಿ 20 ಲಕ್ಷ ಅಂತ ಗುಣಿಸಿಕೊಂಡು ಹೋದರೆ ಕೌಂಟರ್‌ನಲ್ಲಿ ನಿರಾಸೆ ಖಾತ್ರಿ.

ಸ್ವಂತ ನಿಧಿ ಅಂದರೆ ಆಸ್ತಿ ತೆರಿಗೆ, ನೀರಿನ ಕಂದಾಯ, ಅಂಗಡಿ ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ ಶುಲ್ಕ, ಸಂತೆ ಹರಾಜು ಇಂಥವು. ಇಲ್ಲಿದೆ ನೋಡಿ ಅಸಲಿ ಗಂಟು. ಬಜೆಟ್‌ನಲ್ಲಿ ಬರೆಯುವುದು ‘ಇಷ್ಟು ಬರಬಹುದು’ ಅಂತ. ಬರುವುದು ಬೇರೆ. ನಮ್ಮ ಲೆಕ್ಕದ ಊರಿನಲ್ಲಿ ಸ್ವಂತ ಆದಾಯ 3 ಕೋಟಿ ಅಂತ ಬರೆದಿದ್ದಾರೆ ಅನ್ನಿ. ಬೇರೆ ಕಳೆಯುವಿಕೆ ಎಲ್ಲ ಬಿಟ್ಟು ಸರಳವಾಗಿ ನೋಡಿದರೆ ಶೇ 5 ಅಂದರೆ 15 ಲಕ್ಷ. ವಸೂಲಾದದ್ದು 1 ಕೋಟಿ 80 ಲಕ್ಷ ಮಾತ್ರ ಆದರೆ ಅದು 9 ಲಕ್ಷಕ್ಕೆ ಇಳಿಯುತ್ತದೆ. ಪಕ್ಕದ ಚಕ್ರ ಜೋಡಿಸಿದ ಸ್ಕೂಟರ್ ಒಂದಕ್ಕೆ ಒಂದು ಲಕ್ಷ ಅಂತ ಇಟ್ಟುಕೊಂಡರೂ ಆರು ಜನರ ಸ್ಕೂಟರ್ ಅಲ್ಲೇ ಮಾಯ.

ಯಾರು ಕದ್ದರು? ಕಳ್ಳತನವೇ ಆಗಬೇಕಿಲ್ಲ. ತೆರಿಗೆ ಕಟ್ಟದ ದೊಡ್ಡ ಕಟ್ಟಡಗಳು, ಹತ್ತಾರು ವರ್ಷದ ಹಿಂದಿನ ಬಾಡಿಗೆಯಲ್ಲೇ ಇರುವ ಬಸ್ ಸ್ಟ್ಯಾಂಡ್ ಪಕ್ಕದ ಮಳಿಗೆಗಳು, ‘ಚುನಾವಣೆ ಹತ್ರ ಬಂತು, ಈಗ ನೋಟಿಸ್ ಬೇಡ’ ಅನ್ನುವ ಸದಸ್ಯರು, ಇಷ್ಟು ಸಾಕು. ಪುರಸಭೆ ಮಳಿಗೆಯನ್ನು ಕಡಿಮೆ ಬಾಡಿಗೆಗೆ ಹಿಡಿದು ಮೂರು ಪಟ್ಟಿಗೆ ಒಳಬಾಡಿಗೆ ಕೊಟ್ಟವರು ಎಷ್ಟೋ ಊರಲ್ಲಿದ್ದಾರೆ. ಆ ಬಾಡಿಗೆಯ ವ್ಯತ್ಯಾಸದಲ್ಲಿ ನಿಮ್ಮ ಅಣ್ಣನ ಪಾಲೂ ಇದೆ ಅಂತ ಸಭೆಯಲ್ಲಿ ಯಾರೂ ಹೇಳುವುದಿಲ್ಲ. ತೆರಿಗೆ ಮನ್ನಾ ಮಾಡಿ ಅಂತ ಕೂಗುವವರಿಗೆ ಚಪ್ಪಾಳೆ ಸಿಗುತ್ತದೆ, ವಸೂಲಿ ಮಾಡಿ ಅನ್ನುವವರಿಗೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಸಣ್ಣ ಊರುಗಳಲ್ಲಿ ಬಡವರ ಸೇವೆಗೆ ಹೊಡೆತ ಬೀಳುವುದು ಬಜೆಟ್ ಸಭೆಯಲ್ಲಿ ಅಲ್ಲ, ಕಂದಾಯ ವಿಭಾಗದ ಮೇಜಿನ ಮೇಲೆ.

ಹಣ ಇದ್ದರೂ ಅದು ಮನೆ ಬಾಗಿಲಿಗೆ ಬರಲು ಇನ್ನೊಂದು ಸುತ್ತು ಇದೆ. ಬಜೆಟ್ ಪಾಸಾದ ಮೇಲೆ ಶೇ 5ಕ್ಕೆ ಬೇರೆಯೇ ಕ್ರಿಯಾ ಯೋಜನೆ ಮಾಡಬೇಕು. ಅದಕ್ಕೆ ಜಿಲ್ಲಾ ಮಟ್ಟದ ಒಪ್ಪಿಗೆ ಬೇಕು. ಆಮೇಲೆ ಅರ್ಜಿ ಕರೆಯುವುದು, ಫಲಾನುಭವಿಗಳ ಆಯ್ಕೆ, ಖರೀದಿಗೆ ಟೆಂಡರ್. ಒಂದೊಂದು ಮೆಟ್ಟಿಲಲ್ಲೂ ತಿಂಗಳು ಕಳೆಯುತ್ತದೆ. ಸ್ಕೂಟರ್ ವಿತರಣೆಯ ಫೋಟೊಗಳು ಎಷ್ಟೋ ಸಲ ಆರ್ಥಿಕ ವರ್ಷ ಮುಗಿಯುವ ಹೊತ್ತಿಗೆ ಬರುವುದು ಇದಕ್ಕೇ. ಹಾಗಾಗಿ ನೀವು ಯಾವ ತಿಂಗಳು ಹೋಗಿ ಕೇಳಿದಿರಿ ಅನ್ನುವುದೂ ಮುಖ್ಯ. ಮೇ ತಿಂಗಳಲ್ಲಿ ‘ಫಂಡ್ ಇಲ್ಲ’ ಅಂದರೆ ಕ್ರಿಯಾ ಯೋಜನೆ ಇನ್ನೂ ಆಗಿಲ್ಲ ಅಂತ ಇರಬಹುದು. ಮಾರ್ಚ್‌ನಲ್ಲಿ ಅಂದರೆ ಪಟ್ಟಿ ಮುಗಿದಿದೆ ಅಂತ ಇರಬಹುದು.

ಕ್ರಿಯಾ ಯೋಜನೆಯಲ್ಲಿ ಏನು ಬರೆಯುತ್ತಾರೆ ಅನ್ನುವುದು ನಿಜವಾದ ನಿರ್ಧಾರ. ಅದೇ 9 ಲಕ್ಷದಲ್ಲಿ ಸ್ಕೂಟರ್ ಕೊಡಬಹುದು, ವ್ಹೀಲ್‌ಚೇರ್ ಮತ್ತು ಶ್ರವಣ ಸಾಧನ ಕೊಡಬಹುದು, ಚಿಕಿತ್ಸೆಗೆ ನೆರವಾಗಬಹುದು, ಕಚೇರಿಗೆ ರ‍್ಯಾಂಪ್ ಕಟ್ಟಬಹುದು. ರ‍್ಯಾಂಪ್ ಬೇಕೇ ಬೇಕು, ಆದರೆ ಕಚೇರಿ ಕಟ್ಟುವಾಗಲೇ ಆ ಹಣದಲ್ಲಿ ಕಟ್ಟಬೇಕಾದದ್ದನ್ನು ವಿಕಲಚೇತನರ ಪಾಲಿನಿಂದ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ. ಒಮ್ಮೆ ನಾನು ಒಂದು ಊರಿನ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿದ್ದೆ. ಸಾರ್ವಜನಿಕರ ಸಲಹೆ ಕೇಳುವ ಸಭೆ. ಸಭೆ ಇದ್ದದ್ದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಊರುಗೋಲು ಹಿಡಿದ ಒಬ್ಬರು ಕೆಳಗೆ ಮೆಟ್ಟಿಲ ಹತ್ತಿರ ಕೂತು, ತಮ್ಮ ಸಲಹೆಯನ್ನು ಚೀಟಿಯಲ್ಲಿ ಬರೆದು ಒಬ್ಬ ಹುಡುಗನ ಕೈಲಿ ಮೇಲಕ್ಕೆ ಕಳಿಸಿದರು. ಚೀಟಿ ಓದಿದರು, ಅದು ಸಮಾಧಾನ. ಆಮೇಲೆ ಒಂದು ಗಂಟೆ ಚರ್ಚೆ ಆದದ್ದು ಪಾರ್ಕಿನ ಕಾರಂಜಿ ಬಗ್ಗೆ.

ಹಳ್ಳಿಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಗ್ರಾಮ ಪಂಚಾಯಿತಿಯಲ್ಲೂ ವಿಕಲಚೇತನರಿಗೆ ಶೇ 5 ಇದೆ, ಸ್ವಂತ ಆದಾಯದ ಕಥೆ ಅಲ್ಲೂ ಇದೇ. ಒಂದು ಅನುಕೂಲ ಏನೆಂದರೆ ಅಲ್ಲಿ ಗ್ರಾಮಸಭೆ ಇದೆ, ಎದ್ದು ನಿಂತು ಕೇಳಬಹುದು. ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಪಟ್ಟಣಗಳಲ್ಲಿ ನಗರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ಸಾಮಾನ್ಯವಾಗಿ ವಿಕಲಚೇತನರೇ. ಯಾವ ಅರ್ಜಿ ಯಾವಾಗ ಕರೆಯುತ್ತಾರೆ ಅನ್ನುವುದು ಎಷ್ಟೋ ಸಲ ಮುಖ್ಯಾಧಿಕಾರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಮೊದಲು ಅವರ ನಂಬರ್ ಹುಡುಕಿ. ಅಣ್ಣನ ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಆಗಿಲ್ಲದಿದ್ದರೆ ಅದನ್ನೂ ಅವರೇ ಮಾಡಿಸಲು ನೆರವಾಗುತ್ತಾರೆ.

ಇನ್ನೊಂದು ಮಾತು. ಪಿಂಚಣಿ ಪುರಸಭೆಯ ಬಜೆಟ್‌ನಿಂದ ಬರುವುದಿಲ್ಲ, ಅದು ಕಂದಾಯ ಇಲಾಖೆಯದು, ಅರ್ಜಿ ನಾಡಕಚೇರಿಯಲ್ಲಿ. ಸ್ಕೂಟರ್‌ಗೂ ಪುರಸಭೆ ಒಂದೇ ಬಾಗಿಲಲ್ಲ. ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಯೋಜನೆ ಬೇರೆ ಇದೆ, ಸಂಸದರ ನಿಧಿಯಿಂದಲೂ ಕೊಡಲು ಅವಕಾಶ ಇದೆ. ಒಂದು ಬಾಗಿಲಲ್ಲಿ ಕಾಯುತ್ತಲೇ ಇನ್ನೊಂದನ್ನು ತಟ್ಟಿ.

ಪುರಸಭೆಯಲ್ಲಿ ಮುಂದಿನ ಸಲ ಹೋದಾಗ ‘ಉಳಿತಾಯ ಇದೆಯಲ್ಲ’ ಅಂತ ಜಗಳ ಆಡಬೇಡಿ. ಅದಕ್ಕೆ ಅವರ ಹತ್ತಿರ ಉತ್ತರ ರೆಡಿ ಇರುತ್ತದೆ. ಡಿಸಿಬಿ ಕೇಳಿ. ಅಂದರೆ ಬೇಡಿಕೆ, ವಸೂಲಿ, ಬಾಕಿಯ ಪಟ್ಟಿ. ಈ ಮೂರಕ್ಷರ ನಿಮ್ಮ ಬಾಯಲ್ಲಿ ಬಂದರೆ ಎದುರಿಗೆ ಕೂತವರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. ಆಮೇಲೆ ಶೇ 5ರ ಕ್ರಿಯಾ ಯೋಜನೆಯ ಪ್ರತಿ ಕೇಳಿ. ಜೊತೆಗೆ, ಹಿಂದಿನ ವರ್ಷಗಳ ಶೇ 5ರಲ್ಲಿ ಖರ್ಚಾಗದೆ ಉಳಿದದ್ದು ಎಷ್ಟು ಅಂತ ಕೇಳಿ. ‘ಈ ಸಲ ಇಲ್ಲ’ ಅನ್ನುವ ಕಚೇರಿಯಲ್ಲೇ ಹಳೆಯ ವರ್ಷದ ಪಾಲು ಆರಂಭಿಕ ಶಿಲ್ಕಿನೊಳಗೆ ಮಲಗಿರಬಹುದು.

ಬಾಯಿಮಾತಿಗೆ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಆದರೂ ಆಯಿತು. 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಅದಕ್ಕೇ ಕಥೆ ಹೇಳಬೇಡಿ, ಅಣ್ಣನ ಕಷ್ಟವನ್ನೂ ಬರೆಯಬೇಡಿ. ಇಷ್ಟು ಸಾಕು:

‘ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವಿಕಲಚೇತನರ ಶೇ 5ರ ನಿಧಿಗೆ ಸಂಬಂಧಿಸಿ, ವರ್ಷವಾರು ಮೀಸಲಿಟ್ಟ ಮೊತ್ತ, ಖರ್ಚಾದ ಮೊತ್ತ, ಉಳಿಕೆ ಮೊತ್ತ ಮತ್ತು ಅನುಮೋದಿತ ಕ್ರಿಯಾ ಯೋಜನೆಯ ದೃಢೀಕೃತ ಪ್ರತಿಗಳನ್ನು ಒದಗಿಸಿ.’