ಗಿರಿ-ಚೊಕೊ: ದಾಕ್ಷಿಣ್ಯಕ್ಕೆ ಕೊಡುವ ಚಾಕೊಲೇಟು

ನಮ್ಮ ಕಡೆ ಮದುವೆ ಮನೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಾರೆ. ಯಾರು ಎಷ್ಟು ಮುಯ್ಯಿ ಓದಿಸಿದರು ಅಂತ ಬರೆದುಕೊಳ್ಳುವುದು ಅವರ ಕೆಲಸ. ನಾಳೆ ಆ ಮನೆಯವರ ಮದುವೆ ಬಂದಾಗ ಪುಟ ತಿರುವಿ ನೋಡಬೇಕು. ಅವರು ಕೊಟ್ಟಿದ್ದಕ್ಕಿಂತ ಕಡಿಮೆ ಕೊಟ್ಟರೆ ಚೆನ್ನಾಗಿರುವುದಿಲ್ಲ. ಕೊಡದೇ ಇದ್ದರಂತೂ ಮಾತು ಬರುತ್ತದೆ. ಮುಯ್ಯಿಯಲ್ಲಿ ಪ್ರೀತಿಯೂ ಇದೆ, ಲೆಕ್ಕವೂ ಇದೆ. ಎರಡನ್ನೂ ಬಿಡಿಸಿ ನೋಡುವುದು ಕಷ್ಟ.

ಜಪಾನಿನಲ್ಲಿ ಪ್ರತಿ ವರ್ಷ ಫೆಬ್ರುವರಿ 14ರ, ಅಂದರೆ ವ್ಯಾಲೆಂಟೈನ್ ದಿನದ ಸುಮಾರಿಗೆ ಕೇಳಿಬರುವ ಒಂದು ಪದಕ್ಕೆ ಈ ನೋಟ್‌ಬುಕ್ಕಿನ ನೆನಪು ಬೇಕು. ಆ ಪದ ‘ಗಿರಿ-ಚೊಕೊ’.

‘ಚೊಕೊ’ ಗೊತ್ತಾಗುತ್ತದೆ. ಜಪಾನೀಯರು ಚಾಕೊಲೇಟನ್ನು ಮೊಟಕು ಮಾಡಿ ಹಾಗೆ ಕರೆಯುತ್ತಾರೆ. ‘ಗಿರಿ’ಗೂ ನಮ್ಮ ಬೆಟ್ಟಕ್ಕೂ ಸಂಬಂಧವಿಲ್ಲ. ಅದನ್ನು ಎರಡು ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲನೆಯದು ನ್ಯಾಯವಾದದ್ದು ಅನ್ನುವುದನ್ನು ಸೂಚಿಸುತ್ತದೆ, ಎರಡನೆಯದು ಕಾರಣ ಅಥವಾ ತತ್ವ ಅನ್ನುವುದನ್ನು. ಬಳಕೆಯಲ್ಲಿ ಅದರ ಅರ್ಥ, ಸಮಾಜದ ನಡುವೆ ಬದುಕುವವರು ಇನ್ನೊಬ್ಬರಿಗೆ ಸಲ್ಲಿಸಬೇಕಾದದ್ದು. ಮನಸ್ಸು ಬಯಸುತ್ತದೋ ಇಲ್ಲವೋ, ಸಲ್ಲಿಸಲೇಬೇಕು.

ಕನ್ನಡದಲ್ಲಿ ಇದಕ್ಕೆ ಒಂದೇ ಪದ ಹುಡುಕಿದರೆ ಸಿಗುವುದಿಲ್ಲ. ‘ಋಣ’ ಅಂದರೆ ಭಾರ ಜಾಸ್ತಿಯಾಯಿತು, ಅದು ಹಿಂದಿನ ಜನ್ಮದವರೆಗೂ ಹೋಗುತ್ತದೆ. ‘ಹಂಗು’ ಅಂದರೆ ಕಹಿ ಬಂತು. ‘ದಾಕ್ಷಿಣ್ಯ’ ಹತ್ತಿರ ಬರುತ್ತದೆ. ಎದುರಿಗಿರುವವರ ಮುಖ ನೋಡಿಕೊಂಡು ‘ಇಲ್ಲ’ ಅನ್ನಲಾಗದ ಸ್ಥಿತಿ ಅದು. ‘ಮುಯ್ಯಿ’ಯೂ ಹತ್ತಿರವೇ, ಏಕೆಂದರೆ ಕೊಟ್ಟಿದ್ದು ಒಂದು ದಿನ ತಿರುಗಿ ಬರಬೇಕು. ನನ್ನನ್ನು ಕೇಳಿದರೆ ಫೆಬ್ರುವರಿಯಲ್ಲಿ ಕೊಡುವಾಗ ಅದು ದಾಕ್ಷಿಣ್ಯ, ಮಾರ್ಚ್‌ನಲ್ಲಿ ತಿರುಗಿ ಬರುವಾಗ ಮುಯ್ಯಿ. ಮಾರ್ಚ್‌ನ ಕಥೆ ಮುಂದೆ ಬರುತ್ತದೆ.

ಗಿರಿ ಹಳೆಯ ಪದ. ಅದರ ಜೊತೆಗೆ ಯಾವಾಗಲೂ ಬರುವ ಇನ್ನೊಂದು ಪದ ‘ನಿಂಜೊ’, ಅಂದರೆ ಮನುಷ್ಯನ ಸಹಜ ಒಲವು. 1653ರಿಂದ 1725ರವರೆಗೆ ಬದುಕಿದ್ದ ನಾಟಕಕಾರ ಚಿಕಮತ್ಸು ಮೊನ್‌ಜಾಯೆಮೊನ್ ಬೊಂಬೆಯಾಟಕ್ಕೆ ಬರೆದ ಎಷ್ಟೋ ನಾಟಕಗಳು ನಿಂತಿರುವುದು ಇವೆರಡರ ಜಗ್ಗಾಟದ ಮೇಲೆ. ಒಂದು ಕಡೆ ಮನೆ, ಹೆಂಡತಿ, ವ್ಯಾಪಾರದ ಮರ್ಯಾದೆ. ಇನ್ನೊಂದು ಕಡೆ ಪ್ರೀತಿಸಿದ ಹೆಣ್ಣು. ಅಷ್ಟೇ ಅಲ್ಲ, ಜಪಾನಿ ಭಾಷೆಯಲ್ಲಿ ಅತ್ತೆಯನ್ನು ‘ಗಿರಿ ನೋ ಹಾಹಾ’ ಅನ್ನುತ್ತಾರೆ. ಪದಶಃ ನೋಡಿದರೆ ಗಿರಿಯ ತಾಯಿ. ರಕ್ತದಿಂದಲ್ಲ, ಸಂಬಂಧದ ಕರ್ತವ್ಯದಿಂದ ತಾಯಿಯಾದವಳು. ಇಷ್ಟು ಗಂಭೀರವಾದ ಪದ ಹೋಗಿ ಚಾಕೊಲೇಟಿನ ಮುಂದೆ ಕೂತಿದ್ದು ಹೇಗೆ?

ಚಾಕೊಲೇಟು ಪ್ರೇಮಿಗಳ ಉಡುಗೊರೆಯಾದದ್ದು ಜಪಾನಿನಲ್ಲಿ ಅಲ್ಲ. 1860ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ರಿಚರ್ಡ್ ಕ್ಯಾಡ್‌ಬರಿ ಚಿತ್ರವಿರುವ ಚಂದದ ಪೆಟ್ಟಿಗೆಗಳಲ್ಲಿ ಚಾಕೊಲೇಟು ಮಾರತೊಡಗಿದರು. ಹೃದಯದ ಆಕಾರದ ಪೆಟ್ಟಿಗೆಯೂ ಆಗಲೇ ಬಂತು. ತಿಂದು ಮುಗಿಸಿದ ಮೇಲೆ ಖಾಲಿ ಪೆಟ್ಟಿಗೆಯಲ್ಲಿ ಕಾಗದ ಪತ್ರ ಇಟ್ಟುಕೊಳ್ಳಬಹುದಿತ್ತು. ಆ ಕಡೆಯೆಲ್ಲ ಹೆಚ್ಚಾಗಿ ಗಂಡಸರೇ ಹೆಂಗಸರಿಗೆ ಕೊಡುತ್ತಿದ್ದರು.

ಜಪಾನಿಗೆ ಬಂದಾಗ ಇದು ತಿರುಗಿಬಿತ್ತು. ಮೊದಲ ಸುಳಿವು ಸಿಗುವುದು 1936ರಲ್ಲಿ. ಕೋಬೆ ನಗರದ ಮೊರೊಜೊಫ್ ಎಂಬ ಮಿಠಾಯಿ ಕಂಪನಿ ಆ ಫೆಬ್ರುವರಿಯಲ್ಲಿ ಒಂದು ಇಂಗ್ಲಿಷ್ ಪತ್ರಿಕೆಗೆ ವ್ಯಾಲೆಂಟೈನ್ ಜಾಹೀರಾತು ಕೊಟ್ಟಿತು. ರಷ್ಯಾದಿಂದ ವಲಸೆ ಬಂದ ಕುಟುಂಬವೊಂದರ ಹೆಸರು ಈ ಕಂಪನಿಗೆ. ಓದುಗರಲ್ಲಿ ಹೆಚ್ಚಿನವರು ಅಲ್ಲಿದ್ದ ವಿದೇಶಿಯರು. ಜಪಾನಿನ ಜನಕ್ಕೆ ಆ ದಿನ ಅಪರಿಚಿತವಾಗಿಯೇ ಉಳಿಯಿತು.

1958ರಲ್ಲಿ ಮೇರಿ ಚಾಕೊಲೇಟ್ ಎಂಬ ಇನ್ನೊಂದು ಕಂಪನಿ ಟೋಕಿಯೋದ ಶಿಂಜುಕು ಬಡಾವಣೆಯ ಇಸೆತಾನ್ ಮಳಿಗೆಯಲ್ಲಿ ವ್ಯಾಲೆಂಟೈನ್ ಮಾರಾಟ ಇಟ್ಟಿತು. ವ್ಯಾಪಾರ ಆಗಲೇ ಇಲ್ಲ ಅನ್ನಬಹುದು. ಬೆರಳೆಣಿಕೆಯಷ್ಟು ಚಾಕೊಲೇಟು ಹೋಯಿತು. ಮರುವರ್ಷ ಅವರು ಚಾಕೊಲೇಟನ್ನೇ ಹೃದಯದ ಆಕಾರಕ್ಕೆ ತಂದರು. ವರ್ಷಕ್ಕೊಂದು ದಿನ ಹೆಣ್ಣೇ ಗಂಡಿಗೆ ಮನಸ್ಸು ಬಿಚ್ಚಿ ಹೇಳಲಿ ಎಂಬ ಮಾತನ್ನೂ ಜೊತೆಗಿಟ್ಟರು.

ಈ ಮಾತಿನ ಬಲವನ್ನು ಹಗುರವಾಗಿ ನೋಡಬಾರದು ಅನ್ನಿಸುತ್ತದೆ. ಮೊದಲು ಬಾಯಿ ಬಿಡುವುದು ಹುಡುಗಿಗೆ ಸಲ್ಲದು ಅಂತಿದ್ದ ಕಾಲ ಅದು. ಬಾಯಲ್ಲಿ ಹೇಳಲಾಗದ್ದನ್ನು ಒಂದು ಪುಟ್ಟ ಪೊಟ್ಟಣ ಹೇಳುತ್ತದೆ ಅಂದರೆ ಎಷ್ಟು ಜನಕ್ಕೆ ಧೈರ್ಯ ಬಂದಿರಬೇಕು, ಅಲ್ವಾ? 1970ರ ದಶಕದ ಹೊತ್ತಿಗೆ ಶಾಲೆ ಕಾಲೇಜಿನ ಹುಡುಗಿಯರಿಂದ ಹಿಡಿದು ಎಲ್ಲರೂ ಇದನ್ನು ತಮ್ಮದಾಗಿಸಿಕೊಂಡರು.

ತೊಡಕು ಶುರುವಾದದ್ದು ಅಲ್ಲಿಂದಲೇ. ಚಾಕೊಲೇಟು ಕೊಡುವುದು ಅಂದರೆ ‘ನೀನಂದರೆ ನನಗಿಷ್ಟ’ ಅಂದಂತೆ. ಹಾಗಿದ್ದರೆ ಕಚೇರಿಯಲ್ಲಿ ವರ್ಷವಿಡೀ ಜೊತೆಗೆ ದುಡಿದವರಿಗೆ, ಮೇಲಧಿಕಾರಿಗೆ ಸುಮ್ನೆ ಕೃತಜ್ಞತೆಗೆ ಕೊಟ್ಟದ್ದು ಏನಾಗಬೇಕು? ಅದಕ್ಕೊಂದು ಬೇರೆ ಹೆಸರು ಬೇಕಾಯಿತು. 1980ರ ದಶಕದಲ್ಲಿ ಎಲ್ಲರ ಬಾಯಿಗೆ ಬಂದ ‘ಗಿರಿ-ಚೊಕೊ’ ಮಾಡಿದ್ದು ಆ ಕೆಲಸ. ಇದು ಪ್ರೀತಿಯಲ್ಲ, ತಪ್ಪು ತಿಳಿಯಬೇಡಿ ಅಂತ ಪದವೇ ಬೇಲಿ ಹಾಕಿತು. ಬೇಲಿಯ ಆ ಕಡೆ ಉಳಿದದ್ದು ‘ಹೊಮ್ಮೆಯ್-ಚೊಕೊ’, ನಿಜವಾಗಿ ಪ್ರೀತಿಸುವವರಿಗೆ ಕೊಡುವಂಥದ್ದು. ಕುದುರೆ ರೇಸಿನಲ್ಲಿ ಗೆಲ್ಲುತ್ತದೆಂದು ಜನ ನಂಬುವ ಕುದುರೆಗೂ ಅಲ್ಲಿ ‘ಹೊಮ್ಮೆಯ್’ ಅಂತಲೇ ಹೆಸರು.

ಎರಡರ ವ್ಯತ್ಯಾಸ ಕಣ್ಣಿಗೇ ಕಾಣುವಂತಿರಬೇಕು. ಹೊಮ್ಮೆಯ್ ಅಂದರೆ ದುಬಾರಿಯದು, ಇಲ್ಲವೇ ಮನೆಯಲ್ಲಿ ಕರಗಿಸಿ ಅಚ್ಚಿಗೆ ಹೊಯ್ದು ಕೈಯಾರೆ ಮಾಡಿದ್ದು. ಗಿರಿ ಅಂದರೆ ಅಗ್ಗದ್ದು, ಎಲ್ಲರಿಗೂ ಒಂದೇ ಥರದ್ದು. ‘ಬ್ಲ್ಯಾಕ್ ಥಂಡರ್’ ಎಂಬ ಅಗ್ಗದ ಚಾಕೊಲೇಟ್ ಕಡ್ಡಿಯವರು, ನೋಡಿದ ತಕ್ಷಣ ಗಿರಿ ಅಂತ ಗೊತ್ತಾಗುವ ಚಾಕೊಲೇಟು ನಮ್ಮದು ಅಂತಲೇ ಪ್ರಚಾರ ಮಾಡಿದರು.

ಈಗ ಮಾರ್ಚ್‌ಗೆ ಬರೋಣ. ಜಪಾನಿನ ಫುಕುವೊಕ ನಗರದಲ್ಲಿ ಇಶಿಮುರಾ ಮನ್‌ಸೆಯ್ದೊ ಎಂಬ ಹಳೆಯ ಮಿಠಾಯಿ ಅಂಗಡಿ ಇದೆ. ಹೆಂಗಸರಿಂದ ಪಡೆದು ಗಂಡಸರು ಏನೂ ಕೊಡದೇ ಇರುವುದು ಸರಿಯಲ್ಲ ಎಂಬ ಮಾತು ಒಂದು ಪತ್ರಿಕೆಯಲ್ಲಿ ಬಂದದ್ದು ಅಂಗಡಿಯವರ ಕಣ್ಣಿಗೆ ಬಿತ್ತು. 1978ರ ಮಾರ್ಚ್ 14ರಂದು ಅವರು ‘ಮಾರ್ಷ್‌ಮ್ಯಾಲೊ ದಿನ’ ಮಾಡಿದರು. ಒಳಗೆ ಚಾಕೊಲೇಟು, ಮೇಲೆ ಬಿಳಿ ಮಾರ್ಷ್‌ಮ್ಯಾಲೊ. ಅವಳು ಕೊಟ್ಟ ಚಾಕೊಲೇಟನ್ನು ನನ್ನ ಮೆತ್ತನೆಯ ಮನಸ್ಸಲ್ಲಿ ಸುತ್ತಿ ಹಿಂದಿರುಗಿಸುತ್ತೇನೆ ಎಂಬ ಭಾವ. 1980ರಲ್ಲಿ ದೇಶದ ಮಿಠಾಯಿ ತಯಾರಕರೆಲ್ಲ ಸೇರಿ ಇದೇ ತಾರೀಖನ್ನು ‘ವೈಟ್ ಡೇ’ ಅಂತ ಆಚರಿಸಿದರು. ಮುಯ್ಯಿಗೆ ಲೆಕ್ಕವೂ ಹುಟ್ಟಿಕೊಂಡಿತು. ‘ಸಂಬಾಯ್ ಗಾಯೆಷಿ’ ಅಂದರೆ ಪಡೆದದ್ದಕ್ಕೆ ಮೂರು ಪಟ್ಟು ತಿರುಗಿ ಕೊಡುವುದು. ನಮ್ಮ ಮದುವೆ ಮನೆಯ ನೋಟ್‌ಬುಕ್ಕೂ ಇಷ್ಟು ಕೇಳುವುದಿಲ್ಲ.

ಬೇಲಿಯಾಗಿ ಹುಟ್ಟಿದ ಪದ ಬರಬರುತ್ತಾ ಹೊರೆಯಾಯಿತು. ಒಬ್ಬರಿಗೆ ಕೊಟ್ಟು ಇನ್ನೊಬ್ಬರನ್ನು ಬಿಡುವ ಹಾಗಿಲ್ಲ. ಎಷ್ಟು ಜನಕ್ಕೆ ತರಬೇಕು, ಯಾರಿಗೆ ಎಷ್ಟರದ್ದು ಅಂತ ಹೆಂಗಸರು ತಮ್ಮ ಸಂಬಳದಲ್ಲಿ ಲೆಕ್ಕ ಹಾಕಬೇಕು. ಮನಸ್ಸು ಹೇಳುವ ದಿನ ಅಂತ ಶುರುವಾದದ್ದು ಅದೇ ಹೆಂಗಸರಿಗೆ ಇನ್ನೊಂದು ಕಚೇರಿ ಕೆಲಸವಾಗಿ ಮುಗಿದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

2018ರ ಫೆಬ್ರುವರಿ 1ರಂದು ದುಬಾರಿ ಚಾಕೊಲೇಟು ಮಾರುವ ಗೊಡೈವಾ ಕಂಪನಿ ಜಪಾನಿನ ನಿಕ್ಕೆಯ್ ಪತ್ರಿಕೆಯಲ್ಲಿ ಒಂದು ಪುಟದ ಜಾಹೀರಾತು ಹಾಕಿತು. ಗಿರಿ-ಚೊಕೊ ನಿಲ್ಲಿಸೋಣ ಎಂಬುದು ಅದರ ಸಾರ. ವ್ಯಾಲೆಂಟೈನ್ ದಿನ ರಜೆ ಬಂದರೆ ಸಮಾಧಾನಪಡುವ ಹೆಂಗಸರೂ ಇದ್ದಾರೆ ಅಂತ ಅದರಲ್ಲಿತ್ತು. ದುಬಾರಿ ಚಾಕೊಲೇಟಿನವರಿಗೆ ಗಿರಿಯಿಂದ ಆಗುವ ವ್ಯಾಪಾರ ಹೇಗೂ ಕಡಿಮೆ ಅಂತ ವಾದಿಸಿದವರಿದ್ದರು. ಬ್ಲ್ಯಾಕ್ ಥಂಡರ್‌ನವರು ತಾವು ಗಿರಿಯ ಪರ ಅಂತ ಹೇಳಿಕೊಂಡರು. ಏನೇ ಇರಲಿ, ಒಳಗೊಳಗೇ ಇದ್ದ ಬೇಸರ ಬಹಿರಂಗವಾಗಿ ಚರ್ಚೆಗೆ ಬಂತು. ಈ ಕೊಡು-ಕೊಳ್ಳುವಿಕೆಯೇ ಬೇಡ ಅಂದ ಕಚೇರಿಗಳೂ ಇವೆ.

ಪದ ಮಾತ್ರ ಹೊಸ ಹೊಸ ಮರಿ ಹಾಕುತ್ತಲೇ ಇದೆ. ಗೆಳತಿಯರು ಒಬ್ಬರಿಗೊಬ್ಬರು ಕೊಟ್ಟರೆ ‘ತೊಮೊ-ಚೊಕೊ’, ಸ್ನೇಹದ ಚಾಕೊಲೇಟು. ಗಂಡು ಹೆಣ್ಣಿಗೆ ಕೊಟ್ಟರೆ ‘ಗ್ಯಾಕು-ಚೊಕೊ’. ಗ್ಯಾಕು ಅಂದರೆ ತಿರುಗುಮುರುಗು. ಬೇರೆ ದೇಶಗಳಲ್ಲಿ ಮಾಮೂಲಾಗಿರುವುದೇ ಅಲ್ಲಿ ತಿರುಗುಮುರುಗಾಗಿದೆ ನೋಡಿ. ಇನ್ನೊಂದಿದೆ, ‘ಜಿಬುನ್-ಚೊಕೊ’. ಜಿಬುನ್ ಅಂದರೆ ತಾನು. ಯಾರಿಗೂ ಕೊಡಲಿಕ್ಕಲ್ಲ, ಇಷ್ಟವಾದದ್ದನ್ನು ಆರಿಸಿ ಕೊಂಡು ಮನೆಗೆ ತಂದು ತಾನೇ ತಿನ್ನುವ ಚಾಕೊಲೇಟು.