ಒಳ್ಳೆ ಹುಡುಗನಿಗೂ ಫ್ರೆಂಡ್ಸ್ ಮುಂದೆ "ಬೇಡ" ಅನ್ನೋಕೆ ಯಾಕೆ ಆಗಲ್ಲ?

ಪ್ರಶ್ನೆ: "ಮೇಡಂ, ನನ್ನ ಮಗನಿಗೆ 15 ವರ್ಷ. ಮನೇಲಿ ತುಂಬಾ ಒಳ್ಳೆಯವನು, ಎದುರುತ್ತರ ಕೊಡಲ್ಲ, ಓದೋದ್ರಲ್ಲೂ ಪರವಾಗಿಲ್ಲ. ಹೋದ ವಾರ ಫ್ರೆಂಡ್ ಬರ್ತ್‌ಡೇ ಅಂತ ಹೋದವನು ಬಿಯರ್ ಕುಡ್ಕೊಂಡು ಬಂದಿದಾನೆ. ಯಾಕೋ ಹಿಂಗ್ ಮಾಡ್ದೆ ಅಂದ್ರೆ 'ಎಲ್ರೂ ಕುಡಿದ್ರಮ್ಮಾ' ಅಂತಾನೆ. ಬೇಡ ಅನ್ನೋಕೆ ಬಾಯಿ ಇರ್ಲಿಲ್ವಾ ಇವನಿಗೆ? ನಾಳೆ ಇದೇ ಫ್ರೆಂಡ್ಸು ಗಾಂಜಾ ಕೊಟ್ರೆ? ಸ್ಕೂಲಲ್ಲಿ ಡ್ರಗ್ಸ್ ಬಗ್ಗೆ ಒಂದು ಪ್ರೋಗ್ರಾಮ್ ಮಾಡ್ಸಿದ್ರೆ ಸರಿ ಹೋಗುತ್ತಾ?"

ಅಮ್ಮಂದಿರು ಅಪ್ಪಂದಿರು ನನ್ನ ಹತ್ರ ಅತಿ ಹೆಚ್ಚು ಕೇಳೋ ಪ್ರಶ್ನೆ ಇದೇ, ಬಿಯರ್ ಜಾಗದಲ್ಲಿ ಒಮ್ಮೊಮ್ಮೆ ಸಿಗರೇಟು ಇರುತ್ತೆ, ವೇಪ್ ಇರುತ್ತೆ, ಮಗನ ಬದಲು ಮಗಳು ಇರ್ತಾಳೆ, ಆದ್ರೆ ಕೊನೆಗೆ "ಬೇಡ ಅನ್ನೋಕೆ ಬಾಯಿ ಇರ್ಲಿಲ್ವಾ" ಅನ್ನೋ ಮಾತು ಮಾತ್ರ ಬಂದೇ ಬರುತ್ತೆ. ಮೊದಲು ಒಂದು ವಿಷಯ ಹೇಳ್ಬಿಡ್ತೀನಿ. ನಿಮ್ಮ ಮಗ ಕೆಟ್ಟು ಹೋಗಿಲ್ಲ. ಒಂದು ಸಲ ಬಿಯರ್ ಕುಡಿದ್ರೆ ಅದು ಚಟ ಅಲ್ಲ. ಹಾಗಂತ ಬಿಡಿ ವಯಸ್ಸಿಗೆ ಬಂದ ಹುಡುಗ್ರು ಇದೆಲ್ಲಾ ಮಾಡೋದೇ ಅಂತ ಸುಮ್ಮನೆ ಇರೋ ವಿಷಯಾನೂ ಅಲ್ಲ, ಅದಕ್ಕೆ ಆಮೇಲೆ ಬರ್ತೀನಿ.

ಆ ರೂಮಲ್ಲಿ ಏನಾಯ್ತು ಅಂತ ಸ್ವಲ್ಪ ಯೋಚ್ನೆ ಮಾಡಿ. ನಾವು ದೊಡ್ಡವರು ಅಂದ್ಕೊಳೋದು, ಯಾರೋ ಒಬ್ಬ ಪುಂಡ ಹುಡುಗ ಗ್ಲಾಸು ಹಿಡ್ಕೊಂಡು ಬಂದು "ಕುಡಿಯೋ, ಇಲ್ಲಾಂದ್ರೆ ನೀನು ಪುಕ್ಕಲ" ಅಂತ ಬಲವಂತ ಮಾಡಿರ್ತಾನೆ ಅಂತ. ಹಾಗೆ ನಡೆಯೋದೂ ಉಂಟು. ಆದ್ರೆ ನಾನು ಇಷ್ಟು ವರ್ಷ ಪಾಠ ಮಾಡಿದ ಮಕ್ಕಳಲ್ಲಿ ಹೀಗೆ ಸಿಕ್ಕಿಬಿದ್ದು ಅಳ್ತಾ ಕೂತವರು ಹೆಚ್ಚಾಗಿ ಹೇಳಿದ್ದು "ಯಾರೂ ಏನೂ ಅನ್ಲಿಲ್ಲ ಮಿಸ್" ಅಂತಾನೇ. ಗ್ಲಾಸು ಒಬ್ಬರಿಂದ ಒಬ್ಬರಿಗೆ ಬರ್ತಾ ಇರುತ್ತೆ, ಇವನ ಸರದಿ ಬರುತ್ತೆ, ಎಲ್ರ ಕಣ್ಣು ಇವನ ಮೇಲೆ ಇದ್ದ ಹಾಗೆ ಇವನಿಗೆ ಅನ್ಸುತ್ತೆ (ನಿಜಕ್ಕೂ ಯಾರೂ ನೋಡ್ತಾ ಇರಲ್ಲ, ಪ್ರತಿಯೊಬ್ಬನೂ ತನ್ನ ಚಿಂತೇಲೇ ಇರ್ತಾನೆ), ಎರಡು ಸೆಕೆಂಡಲ್ಲಿ ಮುಗಿದು ಹೋಗುತ್ತೆ. ಪೀರ್ ಪ್ರೆಶರ್, ಅಂದ್ರೆ ಗೆಳೆಯರ ಒತ್ತಡ, ಅನ್ನೋದಕ್ಕೆ ಬಾಯೇ ಇಲ್ಲ.

ಮನಶ್ಶಾಸ್ತ್ರಜ್ಞ ಸಾಲೊಮನ್ ಆಶ್ ಅನ್ನೋರು 1950ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು. ಒಂದು ಕಾರ್ಡಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು ಗೆರೆ, ಮೂರರಲ್ಲಿ ಯಾವುದು ಮೊದಲನೇದರಷ್ಟೇ ಉದ್ದ ಇದೆ ಹೇಳ್ಬೇಕು, ಅಷ್ಟೇ. ಚಿಕ್ಕ ಮಗೂನೂ ಹೇಳುತ್ತೆ. ಆದ್ರೆ ಆ ಗುಂಪಲ್ಲಿ ನಿಜವಾಗ್ಲೂ ಪರೀಕ್ಷೆಗೆ ಬಂದವನು ಒಬ್ಬನೇ, ಉಳಿದವರೆಲ್ಲಾ ಮೊದಲೇ ಮಾತಾಡ್ಕೊಂಡು ಬೇಕೂಂತಲೇ ಒಂದೇ ತಪ್ಪು ಉತ್ತರ ಹೇಳೋರು. ಆ ಒಬ್ಬ, ಕಣ್ಣೆದುರಿಗೆ ಸರಿ ಉತ್ತರ ಕಾಣ್ತಾ ಇದ್ರೂ, ಸುಮಾರು ಮೂರರಲ್ಲಿ ಒಂದು ಸಲ ಗುಂಪಿನ ಜೊತೆ ಸೇರಿ ತಪ್ಪು ಹೇಳ್ದ. ಬಂದವರಲ್ಲಿ ನಾಲ್ಕರಲ್ಲಿ ಮೂರು ಜನ ಒಂದು ಸಲವಾದ್ರೂ ಗುಂಪಿಗೆ ಬಾಗಿದ್ರು. ಅವರೆಲ್ಲಾ ಕಾಲೇಜು ಹುಡುಗ್ರು, ಗುಂಪಲ್ಲಿ ಇದ್ದಿದ್ದು ಅಪರಿಚಿತರು, ವಿಷಯ ಬರೀ ಗೆರೆ. ನಿಮ್ಮ ಮಗನಿಗೆ 15, ಎದುರಿಗಿದ್ದವರು ನಾಳೆ ಬೆಳಿಗ್ಗೆ ಅದೇ ಬೆಂಚಲ್ಲಿ ಪಕ್ಕದಲ್ಲಿ ಕೂರೋರು.

ಇದೇ ಪ್ರಯೋಗದ ಎರಡನೇ ಭಾಗ ಕಡಿಮೆ ಜನಕ್ಕೆ ಗೊತ್ತು, ನನಗೆ ಮುಖ್ಯ ಅನ್ಸೋದು ಅದೇ. ಆಶ್ ಆ ಗುಂಪಲ್ಲಿ ಸರಿ ಉತ್ತರ ಹೇಳೋ ಇನ್ನೊಬ್ಬನನ್ನ ಸೇರಿಸಿ ನೋಡಿದ್ರು. ಬರೀ ಒಬ್ಬ. ಗುಂಪಿಗೆ ಬಾಗೋದು ಮೊದಲಿದ್ದದ್ದರ ನಾಲ್ಕನೇ ಒಂದು ಪಾಲಿಗೆ ಇಳಿದುಹೋಯ್ತು. ಗುಂಪು ಅಷ್ಟೇ ದೊಡ್ಡದಿತ್ತು, ಅವರು ಹೇಳ್ತಾ ಇದ್ದ ಸುಳ್ಳೂ ಅದೇ, ಬಂದವನೇನು ದಿಢೀರ್ ಧೈರ್ಯವಂತ ಆಗಿರ್ಲಿಲ್ಲ, ಪಕ್ಕದಲ್ಲಿ ಒಬ್ಬ ಇದ್ದ ಅಷ್ಟೇ.

ಅದಕ್ಕೇ "ಬಾಯಿ ಇರ್ಲಿಲ್ವಾ" ಅನ್ನೋ ಪ್ರಶ್ನೆ ಬಿಟ್ಟು "ಪಕ್ಕದಲ್ಲಿ ಯಾರಿದ್ರು" ಅಂತ ಕೇಳ್ಬೇಕು ಅಂತ ನಾನು ಹೇಳೋದು. ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತ ನಮ್ಮ ಹಿರಿಯರು ಹೇಳಿದ್ದು ಸುಳ್ಳಲ್ಲ, ಆದ್ರೆ ಆ ಗಾದೆ ಹಿಡ್ಕೊಂಡು ನಾವು ಮಕ್ಕಳ ಫ್ರೆಂಡ್ಸನ್ನೆಲ್ಲಾ ದೂರ ಮಾಡೋಕೆ ಹೋಗ್ತೀವಿ, ಹುಡುಗನನ್ನ ಉಳಿಸೋದೂ ಸಹವಾಸಾನೇ ಅನ್ನೋದು ಮರೆತುಬಿಡ್ತೀವಿ.

ಇನ್ನು ವಯಸ್ಸಿನ ವಿಷಯ. 2005ರಲ್ಲಿ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನೋ ಸಂಶೋಧಕರು ಒಂದು ಕಾರ್ ಓಡಿಸೋ ಕಂಪ್ಯೂಟರ್ ಗೇಮ್ ಆಡಿಸಿ ನೋಡಿದ್ರು. ಸಿಗ್ನಲ್ ಹಳದಿ ಆದ್ಮೇಲೆ ಎಷ್ಟು ದೂರ ಹೋದ್ರೆ ಅಷ್ಟು ಲಾಭ, ಆದ್ರೆ ತಡ ಮಾಡಿ ನಿಲ್ಲಿಸಿದ್ರೆ ಗೋಡೆಗೆ ಡಿಕ್ಕಿ. ಒಬ್ಬೊಬ್ಬರೇ ಆಡಿದಾಗ 13ರಿಂದ 16 ವರ್ಷದ ಮಕ್ಕಳು ದೊಡ್ಡವರ ಹಾಗೇ ಆಡಿದ್ರು. ಇಬ್ಬರು ಗೆಳೆಯರನ್ನ ಪಕ್ಕದಲ್ಲಿ ಕೂರಿಸಿದ್ರೆ ಅದೇ ಮಕ್ಕಳು ತಗೊಂಡ ಅಪಾಯ ಸುಮಾರು ಎರಡರಷ್ಟಾಯ್ತು, 24 ದಾಟಿದವರಲ್ಲಿ ಏನೂ ವ್ಯತ್ಯಾಸ ಇಲ್ಲ. ಆಮೇಲೆ 2011ರಲ್ಲಿ ಮಿದುಳಿನ ಸ್ಕ್ಯಾನ್ ಮಾಡ್ತಾ ಇದೇ ಥರದ ಆಟ ಆಡಿಸಿದಾಗ, ಗೆಳೆಯರು ಬೇರೆ ರೂಮಿಂದ ನೋಡ್ತಿದಾರೆ ಅಂತ ಗೊತ್ತಾದ್ರೂ ಸಾಕು, ಹದಿಹರೆಯದವರ ಮಿದುಳಲ್ಲಿ ಖುಷಿ, ಬಹುಮಾನ ಇವಕ್ಕೆ ಸ್ಪಂದಿಸೋ ಭಾಗ ಹೆಚ್ಚು ಚುರುಕಾಗಿದ್ದು ಕಂಡಿತು. ಆಲೋಚಿಸಿ ತಡೆಯೋ ಮುಂಭಾಗ ಪೂರ್ತಿ ಬಲಿಯೋದು 25ರ ಆಸುಪಾಸಲ್ಲಿ. ಹಾಗಾಗಿ ಮನೇಲಿ ನಿಮ್ಮೆದುರು ಕೂತು "ಇಲ್ಲಮ್ಮಾ ನಾನು ಯಾವತ್ತೂ ಮುಟ್ಟಲ್ಲ" ಅಂದಾಗ ಅವನು ಸುಳ್ಳು ಹೇಳ್ತಾ ಇರಲ್ಲ, ಅಲ್ಲಿ ಆ ಕ್ಷಣಕ್ಕೆ ಅದು ನಿಜಾನೇ, ಗೆಳೆಯರ ಮಧ್ಯೆ ಹೋದ್ಮೇಲೆ ಅದೇ ಹುಡುಗನಿಗೆ ಲೆಕ್ಕಾಚಾರ ಬೇರೆ ಆಗ್ಬಿಡುತ್ತೆ. ಇದು ಗೊತ್ತಿಲ್ದೇ "ನನಗೆ ಮೋಸ ಮಾಡ್ದೆ" ಅಂತ ಕೂಗಾಡಿದ್ರೆ ಮುಂದಿನ ಸಲ ಅವನು ನಿಮಗೆ ಹೇಳೋದನ್ನೇ ನಿಲ್ಲಿಸ್ತಾನೆ.

"ಎಲ್ರೂ ಕುಡಿದ್ರು" ಅಂದ್ನಲ್ಲ, ಆ ಎಲ್ರೂ ಅಂದ್ರೆ ಎಷ್ಟು ಜನ ಅಂತ ಜಗಳ ಇಲ್ದೇ ಕೇಳಿ ನೋಡಿ. ಎಂಟು ಜನ ಇದ್ರೆ ಕುಡಿದವರು ನಾಲ್ಕು, ಕುಡಿದ ಹಾಗೆ ಮಾಡಿದವರು ಇಬ್ಬರು, ಕೋಕ್ ಹಿಡ್ಕೊಂಡು ಮೂಲೇಲಿ ಫೋನ್ ನೋಡ್ತಾ ಇದ್ದವರು ಇಬ್ಬರು, ಹೀಗೆ ಏನೋ ಬರುತ್ತೆ. ಕುಡಿದವರದ್ದು ಗಲಾಟೆ, ಕುಡೀದೇ ಇರೋರದ್ದು ಸದ್ದೇ ಇಲ್ಲ, ಹಾಗಾಗಿ ನೆನಪಲ್ಲಿ ಉಳಿಯೋದು ಕುಡಿದವರು ಮಾತ್ರ. 1993ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನದಲ್ಲಿ ಕಂಡಿದ್ದೂ ಇದೇ, ಕ್ಯಾಂಪಸ್ಸಿನ ಕುಡಿತದ ಬಗ್ಗೆ ಒಳಗೊಳಗೆ ಇರಿಸುಮುರಿಸು ಇದ್ದವರು ಬೇಕಾದಷ್ಟು ಜನ, ಆದ್ರೆ ಪ್ರತಿಯೊಬ್ಬರೂ "ನನಗೆ ಮಾತ್ರ ಹೀಗೆ, ಬೇರೆಯವರಿಗೆ ಆರಾಮಾಗಿದೆ" ಅಂದ್ಕೊಂಡಿದ್ರು. ನಾನು ಕ್ಲಾಸಲ್ಲಿ ಒಂದು ಸಲ ಹೆಸರು ಬರೀದೇ ಚೀಟಿ ಹಾಕಿಸ್ದೆ: ನಿನ್ನ ಕ್ಲಾಸಲ್ಲಿ ಎಷ್ಟು ಜನ ಸಿಗರೇಟೋ ಮದ್ಯಾನೋ ಮುಟ್ಟಿರ್ಬಹುದು ಅಂತ ಒಂದು ಊಹೆ, ನೀನು ಮುಟ್ಟಿದೀಯಾ ಅಂತ ಒಂದು ಉತ್ತರ. ಊಹೆ ಎಲ್ಲೋ ಮೇಲೆ, ಸತ್ಯ ಎಲ್ಲೋ ಕೆಳಗೆ. ಬೋರ್ಡಲ್ಲಿ ಎರಡನ್ನೂ ಅಕ್ಕಪಕ್ಕ ಬರೆದಾಗ ಕ್ಲಾಸು ಗಪ್‌ಚಿಪ್ ಆಗೋಯ್ತು, ಕೆಲವರ ಮುಖದಲ್ಲಿ ಒಂಥರಾ ನಿರಾಳ ಕಾಣಿಸ್ತು. ಭಾಷಣ ಮಾಡಿ ಆಗದ ಕೆಲಸ ಅದು.

ಭಾಷಣ ಅಂದ ತಕ್ಷಣ ಸ್ಕೂಲ್ ಪ್ರೋಗ್ರಾಮ್ ವಿಷಯಕ್ಕೆ ಬರ್ತೀನಿ. ಒಂದು ದಿನ ಯಾರನ್ನೋ ಕರೆಸಿ, ಹಾಳಾದ ಶ್ವಾಸಕೋಶದ ಫೋಟೋ ತೋರಿಸಿ, ಪ್ರತಿಜ್ಞೆ ಮಾಡಿಸಿ ಕಳಿಸೋದರಿಂದ ಉಪಯೋಗ ಇಲ್ಲ. ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಅಮೆರಿಕದ ಲಾಸ್ ಏಂಜಲೀಸಲ್ಲಿ 1983ರಲ್ಲಿ ಪೊಲೀಸರೇ ಕ್ಲಾಸಿಗೆ ಬಂದು ಪಾಠ ಮಾಡೋ ಡೇರ್ ಅನ್ನೋ ಕಾರ್ಯಕ್ರಮ ಶುರುವಾಗಿ ದೇಶ ತುಂಬಾ ಹಬ್ಬಿತು, ಮಕ್ಕಳಿಗೂ ಇಷ್ಟ, ಪೇರೆಂಟ್ಸಿಗೂ ಇಷ್ಟ, ಆದ್ರೆ ಆಮೇಲೆ ಹಲವು ಅಧ್ಯಯನಗಳನ್ನ ಒಟ್ಟು ಸೇರಿಸಿ ಲೆಕ್ಕ ಹಾಕಿದಾಗ ಅದನ್ನ ಕಲಿತವರಿಗೂ ಕಲೀದವರಿಗೂ ಹೇಳಿಕೊಳ್ಳೋ ಅಂಥ ವ್ಯತ್ಯಾಸ ಸಿಗ್ಲಿಲ್ಲ, ಕೊನೆಗೆ ಅವರೇ ಪಠ್ಯ ಬದಲಾಯಿಸಿದ್ರು. ವಿಶ್ವಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಕೂಡ ಬರೀ ಹೆದರಿಸೋದು, ಬರೀ ಮಾಹಿತಿ ಕೊಡೋದು, ಮೊದಲು ಚಟ ಇದ್ದವರನ್ನ ಕರೆಸಿ ಅವರ ಕತೆ ಹೇಳಿಸೋದು ಇವೆಲ್ಲಾ ಕೆಲಸ ಮಾಡಲ್ಲ ಅನ್ನುತ್ತೆ. ಆ ಕೊನೇದು ಓದಿದಾಗ ನನಗೂ ಆಶ್ಚರ್ಯ ಆಯ್ತು, ಆದ್ರೆ ಯೋಚ್ನೆ ಮಾಡಿ ನೋಡಿ, ವೇದಿಕೆ ಮೇಲೆ ನಿಂತು ಚಪ್ಪಾಳೆ ತಗೊಳೋ ಆ ಮನುಷ್ಯನನ್ನ ನೋಡಿದ ಹುಡುಗನಿಗೆ "ಇವರು ಎಲ್ಲಾ ಮಾಡಿ ಈಗ ಚೆನ್ನಾಗೇ ಇದಾರಲ್ಲ" ಅನ್ಸೋದೂ ಸಹಜ.

ಕೆಲಸ ಮಾಡೋದು ಯಾವುದು ಅಂದ್ರೆ ನಿಧಾನವಾದದ್ದು. ವರ್ಷವಿಡೀ ಹತ್ತಾರು ಕ್ಲಾಸು, ಮುಂದಿನ ವರ್ಷ ಮತ್ತೆ, ಅದರಲ್ಲಿ ಮಕ್ಕಳೇ ಪಾತ್ರ ಹಾಕ್ಕೊಂಡು ಬೇಡ ಅನ್ನೋದನ್ನ, ಮಾತು ತಿರುಗಿಸೋದನ್ನ, ಎದ್ದು ಬರೋದನ್ನ ಬಾಯಿಬಿಟ್ಟು ಅಭ್ಯಾಸ ಮಾಡೋದು. ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್ಬರ್ಟ್ ಬಾಟ್ವಿನ್ ರೂಪಿಸಿದ ಜೀವನ ಕೌಶಲ ತರಬೇತಿ ಈ ಥರದ್ದು. ಇದರ ಜೊತೆಗೇ ಸ್ಕೂಲಿನವರಿಗೆ ಒಂದು ಎಚ್ಚರಿಕೆ, ದಯವಿಟ್ಟು "ಪ್ರಾಬ್ಲಂ ಮಕ್ಕಳು" ಅಂತ ಹತ್ತು ಜನರನ್ನ ಆರಿಸಿ ಒಂದೇ ರೂಮಲ್ಲಿ ಕೂರಿಸಿ ಕೌನ್ಸೆಲಿಂಗ್ ಮಾಡ್ಬೇಡಿ. 1999ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಇದರಿಂದ ಮಕ್ಕಳು ಇನ್ನೂ ಹಾಳಾಗಬಹುದು ಅಂತ ತೋರಿಸಿದೆ, ಯಾಕಂದ್ರೆ ಅಲ್ಲಿ ಒಬ್ಬ ತನ್ನ ಪುಂಡಾಟ ಹೇಳಿದ್ರೆ ಒಂಬತ್ತು ಜನ ನಗ್ತಾರೆ, ಆ ನಗೂನೇ ಅವನಿಗೆ ಬಹುಮಾನ. ಸಿಕ್ಕಿಬಿದ್ದವನನ್ನ ಸ್ಕೂಲಿಂದ ಹೊರಗೆ ಹಾಕೋದೂ ಹಾಗೇ, ಪಕ್ಕದಲ್ಲಿ ನಿಲ್ಲಬಹುದಾಗಿದ್ದ ಒಳ್ಳೆ ಗೆಳೆಯರು ಸ್ಕೂಲಲ್ಲೇ ಉಳಿದುಬಿಡ್ತಾರೆ, ಇವನು ಹೊರಗೆ ಯಾರ ಜೊತೆ ಸೇರ್ತಾನೆ ಹೇಳಿ.

ಊರಿಗೆ ಊರೇ ಸೇರಿ ಮಾಡಿದ್ದಕ್ಕೆ ಐಸ್‌ಲ್ಯಾಂಡ್ ದೇಶದ ಉದಾಹರಣೆ ಇದೆ. 1998ರಲ್ಲಿ ಅಲ್ಲಿ 15-16 ವಯಸ್ಸಿನ ಮಕ್ಕಳಲ್ಲಿ ಶೇ 42ರಷ್ಟು ಜನ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿತ್ತು ಅಂದಿದ್ರು, 2016ಕ್ಕೆ ಅದು ಶೇ 5. ಅವರು ಭಾಷಣ ಕಡಿಮೆ ಮಾಡಿ ಸಂಜೆ ಹೊತ್ತು ತುಂಬಿದ್ರು, ಆಟ, ಸಂಗೀತ, ಕ್ಲಬ್ಬು, ಅದಕ್ಕೆ ಸರ್ಕಾರದ ದುಡ್ಡು, ಜೊತೆಗೆ ಒಂದು ಸ್ಕೂಲಿನ ಅಪ್ಪ ಅಮ್ಮಂದಿರೆಲ್ಲಾ ಸೇರಿ ಮಕ್ಕಳಿಗೆ ಮದ್ಯ ಕೊಡಲ್ಲ, ರಾತ್ರಿ ಇಷ್ಟು ಹೊತ್ತಿಗೆ ಮನೇಲಿರ್ಬೇಕು ಅಂತ ಒಪ್ಪಂದ ಮಾಡ್ಕೊಂಡ್ರು. "ಎಲ್ರ ಮನೇಲೂ ಬಿಡ್ತಾರೆ, ನೀವು ಮಾತ್ರ ಬಿಡಲ್ಲ" ಅನ್ನೋ ಮಾತಿಗೆ ಜಾಗಾನೇ ಇಲ್ದ ಹಾಗಾಯ್ತು.

ನಮ್ಮಲ್ಲೂ ಹಾಗೆ ಆಗೋವರೆಗೂ ನಿಮ್ಮ ಮನೇಲಿ ಏನು ಮಾಡ್ಬಹುದು ಅಂತ ಕೇಳಿದ್ರೆ, ತಪ್ಪಿಸ್ಕೊಂಡು ಬರೋಕೆ ಒಂದು ದಾರಿ ಮಾಡಿ ಕೊಡಿ. ಫೋನಲ್ಲಿ ಬರೀ ಒಂದು ಚುಕ್ಕಿ ಕಳಿಸಿದ್ರೆ ಸಾಕು, ನೀವು ತಕ್ಷಣ ಫೋನ್ ಮಾಡಿ ಪಕ್ಕದವರಿಗೂ ಕೇಳೋ ಹಾಗೆ "ಈಗ್ಲೇ ಮನೆಗೆ ಬಾ, ಕೆಲಸ ಇದೆ" ಅಂತ ಗದರ್ಬೇಕು, ಅವನು ಮುಖ ಸಿಂಡರಿಸ್ಕೊಂಡು ಎದ್ದು ಬರ್ಬೇಕು, ಆ ರಾತ್ರಿ ನೀವು ಒಂದು ಪ್ರಶ್ನೇನೂ ಕೇಳ್ಬಾರ್ದು. ಕೆಟ್ಟವರು ನೀವೇ ಆಗಿ. "ನಮ್ಮಮ್ಮ ಬಾಯಿ ವಾಸನೆ ನೋಡ್ತಾಳೆ ಕಣೋ" ಅಂತ ಹೇಳೋಕೆ ಅವನಿಗೆ ಪರ್ಮಿಷನ್ ಕೊಡಿ, ಉದ್ದುದ್ದ ವಾದಕ್ಕಿಂತ ಇಂಥ ಒಂದು ಸಾಲು ಸುಲಭವಾಗಿ ಬಾಯಿಗೆ ಬರುತ್ತೆ, ಅದನ್ನ ಅಡುಗೆಮನೇಲಿ ನಗ್ತಾ ನಗ್ತಾ ಒಂದೆರಡು ಸಲ ಹೇಳಿಸಿ ಕೂಡ.

"ಹೊರಗೆ ಕುಡಿಯೋದಕ್ಕಿಂತ ಮನೇಲೇ ಸ್ವಲ್ಪ ರುಚಿ ತೋರಿಸ್ತೀವಿ" ಅನ್ನೋ ಅಪ್ಪಂದಿರು ಇರ್ತಾರೆ. ಬೇಡ. ಆಸ್ಟ್ರೇಲಿಯಾದಲ್ಲಿ 1,900ಕ್ಕೂ ಹೆಚ್ಚು ಮಕ್ಕಳನ್ನ 6 ವರ್ಷ ಗಮನಿಸ್ತಾ ಬಂದು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಕೊಡೋದರಿಂದ ರಕ್ಷಣೆ ಸಿಗುತ್ತೆ ಅನ್ನೋದಕ್ಕೆ ಯಾವ ಆಧಾರಾನೂ ಸಿಗ್ಲಿಲ್ಲ, ಬದಲಿಗೆ ಮಕ್ಕಳು ಹೊರಗೂ ಕುಡಿಯೋ ಸಾಧ್ಯತೆ ಹೆಚ್ಚಾಗಿತ್ತು. ಎಷ್ಟು ತಡವಾಗಿ ಶುರುವಾದ್ರೆ ಅಷ್ಟು ಒಳ್ಳೇದು ಯಾಕೆ ಅಂದ್ರೆ, ಅಮೆರಿಕದ ದೊಡ್ಡ ಸರ್ವೆ ಒಂದರಲ್ಲಿ 15ಕ್ಕೆ ಮುಂಚೆ ಕುಡಿಯೋಕೆ ಶುರು ಮಾಡಿದವರಲ್ಲಿ ಸುಮಾರು ಶೇ 40 ಜನ ಮುಂದೆ ಕುಡಿತಕ್ಕೆ ದಾಸರಾಗಿದ್ರು, 20 ದಾಟಿ ಶುರು ಮಾಡಿದವರಲ್ಲಿ ಸುಮಾರು ಶೇ 10. ಎಲ್ಲಾ ಆ ಮೊದಲ ಗುಟುಕಿನದ್ದೇ ತಪ್ಪು ಅಂತಲ್ಲ, ಬೇಗ ಶುರು ಮಾಡೋ ಮಕ್ಕಳಿಗೆ ಬೇರೆ ಕಷ್ಟಗಳೂ ಇರ್ತವೆ, ಆದ್ರೂ ಅಂತರ ದೊಡ್ಡದು.

ಇನ್ನೊಂದು ಮಾತು, ಇದು ಜೀವದ ವಿಷಯ. ಯಾರಾದ್ರೂ ಕುಡಿದು ಎಬ್ಬಿಸಿದ್ರೂ ಏಳ್ತಾ ಇಲ್ಲ ಅಂದ್ರೆ "ಮಲಗಿ ಎದ್ರೆ ಸರಿ ಹೋಗುತ್ತೆ" ಅಂತ ಬಿಡ್ಬಾರ್ದು, ಹೊಟ್ಟೇಲಿರೋ ಮದ್ಯ ಇನ್ನೂ ರಕ್ತಕ್ಕೆ ಸೇರ್ತಾ ಇರುತ್ತೆ, ಅಂಗಾತ ಮಲಗಿಸಿದ್ರೆ ವಾಂತಿ ಗಂಟಲಲ್ಲಿ ಸಿಕ್ಕಿ ಉಸಿರು ನಿಲ್ಲಬಹುದು, ಮಗ್ಗುಲಾಗಿ ಮಲಗಿಸಿ ತಕ್ಷಣ ಆಂಬುಲೆನ್ಸಿಗೂ ದೊಡ್ಡವರಿಗೂ ಫೋನ್ ಮಾಡ್ಬೇಕು. ಬೈಗುಳಕ್ಕೆ ಹೆದರಿ ಫೋನ್ ಮಾಡೋದು ತಡ ಮಾಡೋದೇ ದೊಡ್ಡ ಅಪಾಯ. "ಅಂಥ ಹೊತ್ತಲ್ಲಿ ಫೋನ್ ಮಾಡಿದ್ರೆ ನಾನು ಬೈಯಲ್ಲ" ಅಂತ ಇವತ್ತೇ ಹೇಳಿ, ಹೇಳಿದ ಹಾಗೆ ನಡ್ಕೊಳ್ಳಿ. ಹಳೇ ಗೆಳೆಯರನ್ನೆಲ್ಲಾ ಬಿಟ್ಟಿದಾನೆ, ಒಬ್ಬನೇ ಕುಡೀತಾನೆ ಅಥವಾ ಸೇದ್ತಾನೆ, ಮನೇಲಿ ದುಡ್ಡು ಕಾಣೆ ಆಗ್ತಿದೆ, ನಿದ್ದೆ ಹಗಲು ರಾತ್ರಿ ತಲೆಕೆಳಗಾಗಿದೆ ಅಂತ ಕಂಡ್ರೆ ಅದು ಗೆಳೆಯರ ಒತ್ತಡ ದಾಟಿದ ವಿಷಯ, ಡಾಕ್ಟರ್ ಹತ್ರ ಹೋಗಿ, ನಾಚಿಕೆ ಬೇಡ.

ನಿಮ್ಮ ಮಗನ ವಿಷಯ ಅಲ್ಲೀವರೆಗೆ ಹೋಗಿಲ್ಲ ಅಂತ ನೀವು ಬರೆದದ್ದು ನೋಡಿದ್ರೆ ಅನ್ಸುತ್ತೆ. ಕೋಪ ಇಳಿದ್ಮೇಲೆ ಅವನ ಹತ್ರ ಒಂದೇ ಪ್ರಶ್ನೆ ಕೇಳಿ, "ಅವತ್ತು ಕುಡೀದೇ ಇದ್ದವನು ಯಾರಾದ್ರೂ ಇದ್ನಾ?" ಇದ್ದೇ ಇರ್ತಾನೆ, ಆ ಕೋಕ್ ಹಿಡ್ಕೊಂಡು ಮೂಲೇಲಿ ಕೂತವನು. ಹೆಸರು ಕೇಳ್ಕೊಳ್ಳಿ. ಈ ಭಾನುವಾರ ಅವನನ್ನ ಊಟಕ್ಕೆ ಮನೆಗೆ ಕರೀರಿ.