ಎಸ್‌ಟಿಪಿಯಲ್ಲಿ ಪಿಎಲ್‌ಸಿ: ಗಾಳಿ ಎಷ್ಟು ಊದಬೇಕು?

ಎಸ್‌ಟಿಪಿ ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ, ಪಿಎಲ್‌ಸಿ ಅಂದರೆ ಅದರ ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್. ಎಲ್ಲ ಹಂತಗಳೂ ಸರದಿಯಲ್ಲಿ ನಡೆಯುವ ಎಸ್‌ಬಿಆರ್ ಮಾದರಿಯ ಎಸ್‌ಟಿಪಿಯನ್ನೇ ತಗೊಳ್ಳೋಣ. ಒಂದೇ ತೊಟ್ಟಿ. ಕೊಳಚೆ ನೀರು ತುಂಬುತ್ತೇವೆ, ಗಾಳಿ ಊದುತ್ತೇವೆ, ಬ್ಲೋವರ್ ನಿಲ್ಲಿಸಿ ಕೆಸರು ತಳಕ್ಕಿಳಿಯಲು ಬಿಡುತ್ತೇವೆ, ಮೇಲಿನ ತಿಳಿನೀರನ್ನು ಹೊರಗೆ ಬಿಡುತ್ತೇವೆ. ಮತ್ತೆ ಮೊದಲಿಂದ. ಈ ಸರದಿ ಪಿಎಲ್‌ಸಿಗೆ ಸುಲಭ, ಕೆಲವು ಟೈಮರ್ ಸಾಕು. ಒಂದು ಇಂಟರ್‌ಲಾಕ್ ಮಾತ್ರ ಮರೀಬೇಡಿ: ಬ್ಲೋವರ್ ಓಡುತ್ತಿರುವಾಗ ತಿಳಿನೀರಿನ ವಾಲ್ವ್ ತೆರೆಯಲೇಬಾರದು. ತೆರೆದರೆ ಕೆಸರೆಲ್ಲ ಹೊರಗೆ.

ಕಷ್ಟ ಇರುವುದು ಗಾಳಿಯಲ್ಲಿ. ಕೊಳೆ ತಿನ್ನುವ ಬ್ಯಾಕ್ಟೀರಿಯಾಗೆ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕು. ಲೀಟರಿಗೆ ಸುಮಾರು 2 ಮಿಲಿಗ್ರಾಂ ಇದ್ದರೆ ಸಾಮಾನ್ಯವಾಗಿ ಸಾಕು. ಊದಲು ಶುರು ಮಾಡಿದಾಗ ಅವಕ್ಕೆ ಊಟ ಜಾಸ್ತಿ, ಆಮ್ಲಜನಕ ಬೇಗ ಖಾಲಿ. ಕೊನೆಕೊನೆಗೆ ಊಟ ಮುಗಿದಿರುತ್ತದೆ. ಆಗಲೂ ಅಷ್ಟೇ ಜೋರಾಗಿ ಊದಿದರೆ ಸುಮ್ನೆ ಕರೆಂಟ್ ಖರ್ಚು, ಅಲ್ವಾ? ಅದಕ್ಕೇ ಡಿಒ ಪ್ರೋಬ್, ಅಂದರೆ ಕರಗಿದ ಆಮ್ಲಜನಕ ಅಳೆಯುವ ಸೆನ್ಸರ್. ಅದರ ರೀಡಿಂಗ್ ನೋಡಿ ಪಿಎಲ್‌ಸಿ ಬ್ಲೋವರಿನ ವೇಗವನ್ನು ವಿಎಫ್‌ಡಿಗೆ (ಮೋಟಾರಿನ ವೇಗ ಬದಲಿಸುವ ಸಾಧನಕ್ಕೆ) ಹೇಳುತ್ತದೆ.

ಪ್ರೋಬ್ ಕಳಿಸುವುದು 4ರಿಂದ 20 ಮಿಲಿಆಂಪ್ ಕರೆಂಟ್ ಸಿಗ್ನಲ್. ಅದು 0ಯಿಂದ 10 ಮಿಲಿಗ್ರಾಂ ಅಳೆಯುತ್ತದೆ ಅಂದುಕೊಳ್ಳಿ. ಮಧ್ಯದ 16 ಮಿಲಿಆಂಪನ್ನು 10ಕ್ಕೆ ಹಂಚಿದರೆ ಒಂದೊಂದು ಮಿಲಿಗ್ರಾಂಗೆ 1.6. ಎರಡಕ್ಕೆ 3.2, ಜೊತೆಗೆ ಮೊದಲಿನ 4, ಒಟ್ಟು 7.2. ಸೀಮೆನ್ಸ್ ಎಸ್7-1200 ಪಿಎಲ್‌ಸಿಯಲ್ಲಿ ಇದು ಸುಮಾರು 5530 ಎಂದು ಕಾಣುತ್ತದೆ, ಯಾಕಂದ್ರೆ ಅಲ್ಲಿ 4 ಮಿಲಿಆಂಪ್ ಅಂದರೆ 0, 20 ಮಿಲಿಆಂಪ್ ಅಂದರೆ 27648.

ಸೊನ್ನೆ ಬಿಟ್ಟು 4ರಿಂದ ಯಾಕೆ ಶುರು? ವೈರ್ ತುಂಡಾದರೆ ಬರುವುದು ಸೊನ್ನೆ. ಸೊನ್ನೆಯಿಂದಲೇ ಶುರುವಾಗಿದ್ದರೆ ಪಿಎಲ್‌ಸಿ ಅದನ್ನು ‘ಆಮ್ಲಜನಕವೇ ಇಲ್ಲ’ ಅಂತ ಓದಿ ಬ್ಲೋವರನ್ನು ಪೂರ್ತಿ ವೇಗಕ್ಕೆ ಏರಿಸುತ್ತಿತ್ತು. 3.6ಕ್ಕಿಂತ ಕೆಳಗೆ ಬಂದರೆ ಅಲಾರಂ ಕೊಟ್ಟು, ಬ್ಲೋವರನ್ನು ಒಂದು ನಿಗದಿತ ವೇಗದಲ್ಲಿ ಓಡಿಸುವಂತೆ ಲ್ಯಾಡರ್‌ನಲ್ಲಿ (ಪಿಎಲ್‌ಸಿಯ ಪ್ರೋಗ್ರಾಂ ಭಾಷೆಯಲ್ಲಿ) ಬರೆಯಿರಿ.

ಕೊಳೆ ಕಟ್ಟಿದ ಪ್ರೋಬ್ ಮಾತ್ರ ಇದರಿಂದ ಸಿಕ್ಕಿಬೀಳುವುದಿಲ್ಲ. ನಾನು ಕಲಿಯಲು ಹೋಗುತ್ತಿದ್ದ ಒಂದು ಘಟಕದಲ್ಲಿ ರೀಡಿಂಗ್ ಎರಡು ದಿನ 0.4ರ ಹತ್ತಿರವೇ ಇತ್ತು. ಊದುವ ಹೊತ್ತಿನಲ್ಲೆಲ್ಲ ಬ್ಲೋವರ್ 50 ಹರ್ಟ್ಸ್‌ನಿಂದ, ಅಂದರೆ ಪೂರ್ತಿ ವೇಗದಿಂದ, ಇಳಿಯಲೇ ಇಲ್ಲ. ನಾವು ರೀಡಿಂಗ್ ನೋಡಿ ವೇಗ ಹೊಂದಿಸುವ ಲೆಕ್ಕದ, ಅಂದರೆ ಪಿಐಡಿಯ, ಟ್ಯೂನಿಂಗ್ ತಿದ್ದುತ್ತಾ ಕೂತಿದ್ದೆವು. ಅಲ್ಲಿನ ಆಪರೇಟರ್ ಅಣ್ಣ ಪ್ರೋಬನ್ನು ಮೇಲೆತ್ತಿ ತೋರಿಸಿದರು: ತುದಿ ಕಾಣದಷ್ಟು ಕಂದು ಲೋಳೆ. ಆ ಲೋಳೆಯೊಳಗಿನ ಬ್ಯಾಕ್ಟೀರಿಯಾವೇ ಪ್ರೋಬಿನ ತುದಿಗೆ ಆಮ್ಲಜನಕ ತಲುಪದಂತೆ ಮುಗಿಸುತ್ತಿತ್ತು. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮತ್ತೆ ಇಳಿಬಿಟ್ಟಾಗ ರೀಡಿಂಗ್ 6 ದಾಟಿತು.

ಬ್ಲೋವರ್ ಪೂರ್ತಿ ವೇಗದಲ್ಲಿದ್ದೂ ಅರ್ಧ ಗಂಟೆ ರೀಡಿಂಗ್ ಏರದಿದ್ದರೆ ‘ಪ್ರೋಬ್ ಒರೆಸಿ ನೋಡಿ’ ಎಂಬ ಅಲಾರಂ ಬರುವಂತೆ ಆವತ್ತೇ ಸೇರಿಸಿದೆವು.